ದೂರದ ಪಾಠ, ಹತ್ತಿರದ ಕೂಟ

ವಿದ್ಯೆಯು ಗುರುವಿನ ಸನ್ನಿಧಿಯಲ್ಲಿಯೇ ದೊರೆಯತಕ್ಕದ್ದೆಂಬುದು ನಮ್ಮ ನಾಡಿನ ಬಹುಕಾಲದ ನಂಬಿಕೆ. ಆದರೆ ಕಳೆದ ನೂರು ವರ್ಷಗಳಲ್ಲಿ ಅಂಚೆ, ರೇಡಿಯೋ, ದೂರದರ್ಶನ, ಉಪಗ್ರಹ, ಅಂತರಜಾಲ ಇವು ಒಂದಾದ ಮೇಲೊಂದು ಬಂದು, ಗುರುಶಿಷ್ಯರು ನೂರಾರು ಹರದಾರಿ ದೂರದಲ್ಲಿದ್ದರೂ ಪಾಠವು ಸಾಗಬಲ್ಲದೆಂಬುದನ್ನು ತೋರಿಸಿಕೊಟ್ಟಿವೆ. ೨೦೨೦ರ ಮಹಾಮಾರಿಯ ಕಾಲದಲ್ಲಿ ಶಾಲೆಗಳ ಬಾಗಿಲು ಮುಚ್ಚಿದಾಗ ದೇಶವೇ ಈ ಸಾಧನಗಳಿಗೆ ಮೊರೆಹೊಕ್ಕಿತು. ಮುಂಬಯಿಯ ಕನ್ನಡ ಸಂಘಗಳಲ್ಲಿ ಅನೇಕವು ಉಪನ್ಯಾಸಗಳನ್ನೂ ಭಾಷಾವರ್ಗಗಳನ್ನೂ ಗಣಕಯಂತ್ರದ ಪರದೆಯ ಮೇಲೆಯೇ ನಡೆಸಿದವು. ಪಾಠವು ಮನೆಮನೆಗೆ ತಲುಪಿತೆಂಬುದೇನೋ ನಿಜ. ಆದರೆ ಪಾಠದೊಡನೆ ಸಹಪಾಠಿಯೂ ತಲುಪಿದನೇ ಎಂಬ ಪ್ರಶ್ನೆಯನ್ನು ಕೇಳಿದವರು ಕಡಮೆ. ಈ ಪ್ರಶ್ನೆ ಹೊಸದಲ್ಲ. ಇದಕ್ಕೊಂದು ಇತಿಹಾಸವುಂಟು, ಮತ್ತು ಆ ಇತಿಹಾಸದ ಮುಖ್ಯ ಅಧ್ಯಾಯಗಳಲ್ಲಿ ಕೆಲವು ನಮ್ಮ ಈ ನಗರದಲ್ಲಿಯೂ ಕನ್ನಡ ನಾಡಿನಲ್ಲಿಯೂ ನಡೆದುಹೋಗಿವೆ. ಅವನ್ನು ಕ್ರಮವಾಗಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ‘ತಂತ್ರ’ವೆಂಬ ಮಾತನ್ನು ಸ್ವಲ್ಪ ವಿವೇಚಿಸಬೇಕು. ಇಂದು ಈ ಮಾತು ಕಿವಿಗೆ ಬಿದ್ದೊಡನೆ ಯಂತ್ರವೇ ನೆನಪಿಗೆ ಬರುತ್ತದೆ. ಆದರೆ ಪೂರ್ವದಿಂದಲೂ ಆ ಶಬ್ದಕ್ಕೆ ಮಗ್ಗ ಮತ್ತು ಹಾಸುನೂಲು ಎಂಬ ಅರ್ಥಗಳಂತೆಯೇ ವ್ಯವಸ್ಥೆ, ಉಪಾಯ ಎಂಬ ಅರ್ಥಗಳೂ ಇವೆ. ದೂರಶಿಕ್ಷಣದಲ್ಲಿಯೂ ಎರಡು ತಂತ್ರಗಳಿವೆ. ಧ್ವನಿಯನ್ನೂ ಚಿತ್ರವನ್ನೂ ಸಾಗಿಸುವುದು ಒಂದು. ಕೇಳುವ ಜನರನ್ನು ಒಟ್ಟುಗೂಡಿಸಿ, ಅವರಲ್ಲಿ ಪರಸ್ಪರ ಹೊಣೆಯನ್ನು ಹುಟ್ಟಿಸುವುದು ಇನ್ನೊಂದು. ಎರಡನೆಯದನ್ನು ಸಾಮಾಜಿಕ ತಂತ್ರವೆನ್ನಬಹುದು. ಮೊದಲನೆಯದು ಹಣ ಕೊಟ್ಟರೆ ಸಿಕ್ಕುತ್ತದೆ. ಎರಡನೆಯದು ಹಾಗೆ ಸಿಕ್ಕುವುದಿಲ್ಲ.

ಮುಂಬಯಿಯ ಕನ್ನಡಿಗರಿಗೆ ಈ ಎರಡನೆಯ ತಂತ್ರವು ಅಪರಿಚಿತವಾದುದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ಕನ್ನಡದ ಕರಾವಳಿಯಿಂದ ಇಲ್ಲಿಗೆ ಬಂದ ಹುಡುಗರಲ್ಲಿ ಎಷ್ಟೋ ಮಂದಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದಿದವರು. ೧೯೦೨ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ರಾತ್ರಿಶಾಲೆಗಳನ್ನು ನಡೆಸಿ ಅವರಿಗೆ ಆಸರೆಯಾದವು. ಆ ಶಾಲೆಗಳಲ್ಲಿ ಉಪಕರಣವೆಂಬುದು ಕರಿಹಲಗೆ ಮತ್ತು ದೀಪ ಇಷ್ಟೇ. ದಣಿದ ಹುಡುಗನನ್ನು ರಾತ್ರಿಯ ಪಾಠಕ್ಕೆ ಎಳೆದು ತರುತ್ತಿದ್ದುದು ಊರಿನವರ, ಓರಗೆಯವರ ಬಳಗ. ಒಬ್ಬನು ಬಾರದಿದ್ದರೆ ಪಕ್ಕದಲ್ಲಿ ಕೂರುವವನಿಗೆ ಅದು ತಿಳಿಯುತ್ತಿತ್ತು. ದೂರಶಿಕ್ಷಣದ ಮುಖ್ಯ ಸಮಸ್ಯೆಯನ್ನು ಇಲ್ಲಿಂದಲೇ ಗುರುತಿಸಬಹುದು: ದೂರದಲ್ಲಿ ಓದುವವನು ಬಾರದಿದ್ದರೆ ಅದನ್ನು ಗಮನಿಸುವವರು ಯಾರು?

ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಶಾಸ್ತ್ರೀಯವಾಗಿ ಉತ್ತರ ಹುಡುಕಿದ ಮೊದಲ ಪ್ರಯತ್ನಗಳಲ್ಲಿ ೧೯೫೬ರ ಪುಣೆಯ ರೇಡಿಯೋ ಪ್ರಯೋಗಕ್ಕೆ ಅಗ್ರಸ್ಥಾನವಿದೆ. ಕೆನಡಾ ದೇಶದಲ್ಲಿ ೧೯೪೧ರಿಂದ ರೈತರು ನೆರೆಹೊರೆಯವರ ಮನೆಗಳಲ್ಲಿ ಕೂಡಿ ರೇಡಿಯೋ ಕೇಳಿ ಚರ್ಚಿಸುವ ಪದ್ಧತಿಯಿತ್ತು. ಅದನ್ನು ಮಾದರಿಯಾಗಿಟ್ಟುಕೊಂಡು, ಯುನೆಸ್ಕೋ ಸಂಸ್ಥೆಯ ನೆರವಿನಿಂದ, ಆಕಾಶವಾಣಿಯು ಆಗಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳಲ್ಲಿ ಸುಮಾರು ೧೫೦ ಹಳ್ಳಿಗಳನ್ನು ಆರಿಸಿಕೊಂಡಿತು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳೂ ಅದೇ ರಾಜ್ಯದಲ್ಲಿದ್ದವು. ಏಕೀಕರಣಕ್ಕೆ ಇನ್ನೂ ಕೆಲವು ತಿಂಗಳುಗಳಿದ್ದವು. ಪ್ರತಿ ಹಳ್ಳಿಯಲ್ಲಿಯೂ ಹೆಚ್ಚೆಂದರೆ ಸುಮಾರು ೨೦ ಜನರ ಒಂದು ಕೂಟ. ಅದಕ್ಕೊಬ್ಬ ಅಧ್ಯಕ್ಷ, ಒಬ್ಬ ಸಂಚಾಲಕ. ವಾರಕ್ಕೆ ಎರಡು ಸಲ, ಅರ್ಧ ಗಂಟೆಯಂತೆ, ಒಟ್ಟು ೨೦ ಕಾರ್ಯಕ್ರಮಗಳು. ಕಾರ್ಯಕ್ರಮ ಮುಗಿದೊಡನೆ ಕೂಟದವರು ಚರ್ಚಿಸುವರು. ಸಂಚಾಲಕನು ಚರ್ಚೆಯ ಸಾರಾಂಶವನ್ನೂ ಎದ್ದ ಪ್ರಶ್ನೆಗಳನ್ನೂ ಬರೆದು ನಿಲಯಕ್ಕೆ ಕಳುಹಿಸುವನು. ಮುಂದಿನ ಕಾರ್ಯಕ್ರಮಗಳಲ್ಲಿ ಅವಕ್ಕೆ ಉತ್ತರ ದೊರೆಯುವುದು.

ಇದರ ಫಲವನ್ನು ಅಳೆಯುವ ಹೊಣೆಯನ್ನು ಹೊತ್ತುದು ನಮ್ಮ ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆ. ಪಾಲ್ ನ್ಯೂರಾತ್ ಎಂಬ ಸಮಾಜಶಾಸ್ತ್ರಜ್ಞರು ಈ ಅಧ್ಯಯನದ ನೇತೃತ್ವ ವಹಿಸಿದರು. ಅವರೂ, ಆಕಾಶವಾಣಿಯ ಮಹಾನಿರ್ದೇಶಕರಾಗಿದ್ದ ಜಗದೀಶಚಂದ್ರ ಮಾಥುರರೂ ಬರೆದ ವರದಿಯನ್ನು ಯುನೆಸ್ಕೋ ೧೯೫೯ರಲ್ಲಿ ಪ್ರಕಟಿಸಿತು. ಅಧ್ಯಯನದ ರಚನೆಯು ಗಮನಾರ್ಹವಾದುದು. ರೇಡಿಯೋ ಮತ್ತು ಕೂಟ ಎರಡೂ ಇದ್ದ ಹಳ್ಳಿಗಳು, ರೇಡಿಯೋ ಇದ್ದು ಕೂಟವಿಲ್ಲದ ಹಳ್ಳಿಗಳು, ರೇಡಿಯೋ ಕೂಡ ಇಲ್ಲದ ಹಳ್ಳಿಗಳು ಎಂದು ಮೂರು ಬಗೆಯವನ್ನು ಹೋಲಿಸಿ ನೋಡಲಾಯಿತು. ಕೂಟವಿದ್ದ ಹಳ್ಳಿಗಳಲ್ಲಿ ಜನರ ತಿಳುವಳಿಕೆ ಗಣನೀಯವಾಗಿ ಹೆಚ್ಚಿತ್ತು. ಬರಿಯ ರೇಡಿಯೋ ಇದ್ದ ಹಳ್ಳಿಗಳಲ್ಲಿ ಹೆಚ್ಚಳವು ಅದಕ್ಕಿಂತ ಬಹಳ ಕಡಮೆ. ಕಾರ್ಯಕ್ರಮವು ಎರಡೂ ಕಡೆ ಒಂದೇ ಆಗಿತ್ತೆಂಬುದನ್ನು ವಾಚಕರು ಮರೆಯಬಾರದು. ಫಲದಲ್ಲಿ ವ್ಯತ್ಯಾಸವನ್ನು ತಂದುದು ರೇಡಿಯೋ ಪೆಟ್ಟಿಗೆಯ ಸುತ್ತ ಕುಳಿತವರ ಕೂಟ.

೧೯೫೯ರಿಂದ ಈ ಪದ್ಧತಿಯನ್ನು ದೇಶದಾದ್ಯಂತ ವಿಸ್ತರಿಸಲಾಯಿತು. ಕೂಟಗಳ ಸಂಖ್ಯೆ ಸಾವಿರಗಳಿಗೆ ಏರಿತು. ಆದರೆ ಪುಣೆಯ ಪ್ರಯೋಗದಲ್ಲಿದ್ದ ಕಾಳಜಿಯು ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ. ಕ್ರಮೇಣ ಅವು ಕ್ಷೀಣಿಸಿದವು. ರೇಡಿಯೋ ಮಾತ್ರ ಹಾಡುತ್ತಲೇ ಇತ್ತು.

ಇದಾದ ಮೇಲೆ ಬಂದುದು ಉಪಗ್ರಹ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರ ವರೆಗೆ, ಅಮೆರಿಕೆಯಿಂದ ಎರವಲು ಪಡೆದ ಎಟಿಎಸ್-೬ ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನವು ತಲುಪಿತು. ‘ಸೈಟ್’ ಎಂದು ಪ್ರಸಿದ್ಧವಾದ ಈ ಪ್ರಯೋಗದಲ್ಲಿ ಕರ್ನಾಟಕದ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಸೇರಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ಒಂದೇ ಚಿತ್ರದೊಡನೆ ಎರಡು ಧ್ವನಿಪಥಗಳನ್ನು ಕಳುಹಿಸಲು ಸಾಧ್ಯವಿದ್ದುದರಿಂದ ಒಂದೇ ದೃಶ್ಯಕ್ಕೆ ಕನ್ನಡ ಮತ್ತು ತೆಲುಗು ಮಾತುಗಳನ್ನು ಜೋಡಿಸಬಹುದಾಗಿತ್ತು. ಊರಿಗೊಂದೇ ಪೆಟ್ಟಿಗೆಯಾದುದರಿಂದ ಜನರು ಕೂಡಿಯೇ ನೋಡಿದರು. ಆದರೆ ಕೂಡುವುದು ಬೇರೆ, ಕೂಟವಾಗುವುದು ಬೇರೆ. ಹಳ್ಳಿಯವರು ಉಪಗ್ರಹಕ್ಕೆ ಮರುಮಾತು ಹೇಳುವಂತಿರಲಿಲ್ಲ. ಒಂದು ವರ್ಷವಾಗುತ್ತಲೇ ಉಪಗ್ರಹವು ಬೇರೆಡೆಗೆ ಸರಿಯಿತು.

ಅದೇ ಕಾಲದಲ್ಲಿ ವಿಶ್ವವಿದ್ಯಾಲಯಗಳು ಅಂಚೆಯ ದಾರಿಯನ್ನು ಹಿಡಿದಿದ್ದವು. ೧೯೬೨ರಲ್ಲಿ ದಿಲ್ಲಿ, ೧೯೬೯ರಲ್ಲಿ ಮೈಸೂರು, ೧೯೭೧ರಲ್ಲಿ ಮುಂಬಯಿ ವಿಶ್ವವಿದ್ಯಾಲಯಗಳು ಅಂಚೆ ಮೂಲಕ ಶಿಕ್ಷಣವನ್ನು ಆರಂಭಿಸಿದವು. ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ದುಡಿಯುವ ವರ್ಗಕ್ಕೆ ಇವುಗಳಿಂದ ಆದ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ವರ್ಷದಲ್ಲಿ ಕೆಲವೇ ದಿನ ನಡೆಯುವ ಸಂಪರ್ಕ ತರಗತಿಗಳು ವಿದ್ಯಾರ್ಥಿಗಳಿಗೆ ಅಷ್ಟು ಪ್ರಿಯವಾದುದೇಕೆಂದು ಯೋಚಿಸಿದರೆ ನಮ್ಮ ವಿಷಯವೇ ಮತ್ತೆ ಎದುರಾಗುತ್ತದೆ. ಪುಸ್ತಕದಲ್ಲಿ ಮೊದಲೇ ಇದ್ದ ಪಾಠಕ್ಕಿಂತ, ತನ್ನಂತೆ ಓದುತ್ತಿರುವ ಇತರರೂ ಇದ್ದಾರೆಂಬ ಅರಿವೇ ಅಲ್ಲಿ ದೊರೆಯುವ ದೊಡ್ಡ ಲಾಭ.

ಇಲ್ಲಿ ಬ್ಯಾಂಕಿನ ವೃತ್ತಿಯಲ್ಲಿರುವ ಈ ಲೇಖಕನು ಒಂದು ಸಾದೃಶ್ಯವನ್ನು ಮುಂದಿಡಲು ಬಯಸುತ್ತಾನೆ. ೧೯೮೨ರಲ್ಲಿ ಸ್ಥಾಪಿತವಾದ ನಬಾರ್ಡ್, ಅಂದರೆ ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಿನ ಪ್ರಧಾನ ಕಚೇರಿ ಇರುವುದು ನಮ್ಮ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ. ಕರ್ನಾಟಕದಲ್ಲಿ ೧೯೬೮ರಿಂದ ಕೆಲಸ ಮಾಡುತ್ತಿದ್ದ ಮೈರಾಡ ಸಂಸ್ಥೆಯು ೧೯೮೦ರ ದಶಕದ ನಡುವಿನಲ್ಲಿ ಒಂದು ಸಂಗತಿಯನ್ನು ಕಂಡುಕೊಂಡಿತು. ದೊಡ್ಡ ಸಹಕಾರ ಸಂಘಗಳು ಒಡೆದಾಗ, ಪರಸ್ಪರ ನಂಬಿಕೆಯುಳ್ಳ ಹದಿನೈದಿಪ್ಪತ್ತು ಜನರ ಚಿಕ್ಕ ಗುಂಪುಗಳು ತಾವಾಗಿಯೇ ಉಳಿದುಕೊಂಡು ಉಳಿತಾಯ ಮತ್ತು ಸಾಲದ ವ್ಯವಹಾರವನ್ನು ನಡೆಸಿದವು. ೧೯೮೭ರಲ್ಲಿ ನಬಾರ್ಡ್ ಈ ಕೆಲಸಕ್ಕೆ ೧೦ ಲಕ್ಷ ರೂಪಾಯಿ ನೆರವಿತ್ತಿತು. ೧೯೯೨ರಲ್ಲಿ ೫೦೦ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವು ಆರಂಭವಾಯಿತು. ಸ್ವಸಹಾಯ ಸಂಘಗಳ ದೇಶವ್ಯಾಪಿ ಚಳವಳಿಗೆ ಇದೇ ತಳಹದಿ. ನಮ್ಮ ಪ್ರಕೃತ ವಿಷಯಕ್ಕೆ ಮುಖ್ಯವಾದುದು ಇಷ್ಟು: ಸಾಲ ಕೊಡುವುದಕ್ಕಿಂತ ಮೊದಲು ಆ ಗುಂಪುಗಳಿಗೆ ಸಭೆ ನಡೆಸುವುದು, ನಡಾವಳಿ ಬರೆಯುವುದು, ಗೈರುಹಾಜರಾದವರನ್ನು ವಿಚಾರಿಸುವುದು ಇವುಗಳ ತರಬೇತಿ ದೊರೆಯಿತು. ಒತ್ತೆ ಇಡಲು ಏನೂ ಇಲ್ಲದವರಿಗೆ ಆ ಬಳಗವೇ ಒತ್ತೆಯಾಯಿತು. ಕಲಿಕೆಯ ವಿಷಯದಲ್ಲಿಯೂ ಇದೇ ನ್ಯಾಯವು ಸಲ್ಲುತ್ತದೆಂದು ನನ್ನ ಅಭಿಪ್ರಾಯ.

ಅಂತರಜಾಲದ ಯುಗವು ಈ ಮಾತನ್ನು ಸುಳ್ಳುಮಾಡಿಲ್ಲ. ೨೦೧೨ರಲ್ಲಿ ಅಮೆರಿಕೆಯ ಎಂಐಟಿ ವಿದ್ಯಾಸಂಸ್ಥೆಯು ವಿದ್ಯುನ್ಮಂಡಲಗಳನ್ನು ಕುರಿತ ಒಂದು ಪಾಠಕ್ರಮವನ್ನು ಜಗತ್ತಿಗೆಲ್ಲ ಉಚಿತವಾಗಿ ತೆರೆದಿಟ್ಟಿತು. ಹೆಸರು ನೋಂದಾಯಿಸಿದವರು ಸುಮಾರು ೧,೫೫,೦೦೦ ಜನ. ಪ್ರಮಾಣಪತ್ರ ಪಡೆದವರು ೭,೧೫೭. ಅಂದರೆ ನೂರಕ್ಕೆ ಐವರೂ ಇಲ್ಲ. ಕುತೂಹಲಕ್ಕಾಗಿ ಹೆಸರು ಕೊಟ್ಟವರೇ ಬಹಳವೆಂದು ಒಪ್ಪಿಕೊಂಡರೂ, ಆ ಪಾಠಕ್ರಮವನ್ನು ಕುರಿತ ಅಧ್ಯಯನದ ಇನ್ನೊಂದು ಅಂಶವು ವಿಚಾರಾರ್ಹವಾಗಿದೆ. ಪರದೆಯಾಚೆಗೆ ಸಹಪಾಠಿಯೊಡನೆಯೋ ವಿಷಯವನ್ನು ಬಲ್ಲವರೊಡನೆಯೋ ಕೂಡಿ ಓದಿದವರಿಗೆ, ಒಬ್ಬರೇ ಓದಿದವರಿಗಿಂತ ಸುಮಾರು ಮೂರು ಅಂಕಗಳು ಹೆಚ್ಚು ಬಂದಿದ್ದವು. ಕೂಡಿ ಓದುವವರು ಮೊದಲೇ ಹೆಚ್ಚು ಆಸಕ್ತರಾಗಿದ್ದಿರಬಹುದೆಂಬ ಆಕ್ಷೇಪವುಂಟು. ಆದರೂ ಪುಣೆಯ ಹಳ್ಳಿಗಳ ಸಾಕ್ಷ್ಯವೂ ಇದೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತವೆ.

ಕರ್ನಾಟಕದಲ್ಲಿ ಇದರ ಅತ್ಯುತ್ತಮ ನಿದರ್ಶನವು ಸರಕಾರಿ ಪ್ರೌಢಶಾಲೆಗಳ ಅಧ್ಯಾಪಕರದು. ೨೦೧೧ರಿಂದ ರಾಜ್ಯದ ಶಿಕ್ಷಣ ಇಲಾಖೆಯೂ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯೂ ಕೂಡಿ ವಿಷಯ ಶಿಕ್ಷಕರ ವೇದಿಕೆಯನ್ನು ಕಟ್ಟಿದವು. ಗಣಿತ, ವಿಜ್ಞಾನ, ಸಮಾಜವಿಜ್ಞಾನ ಅಧ್ಯಾಪಕರು ಮೊದಲು ಗಣಕಕೊಠಡಿಗಳಲ್ಲಿ ಮುಖಾಮುಖಿಯಾಗಿ ತರಬೇತಿ ಪಡೆದರು. ಅನಂತರ ತಮ್ಮ ತಮ್ಮ ಊರುಗಳಿಂದ ಮಿಂಚಂಚೆಯ ಮೂಲಕ ಪ್ರಶ್ನೋತ್ತರಗಳನ್ನು ಮುಂದುವರಿಸಿದರು. ದೂರದ ಊರಿನ ಶಾಲೆಯಲ್ಲಿ ತನ್ನ ವಿಷಯಕ್ಕೆ ತಾನೊಬ್ಬನೇ ಆಗಿರುವ ಅಧ್ಯಾಪಕನಿಗೆ ಇದರಿಂದ ರಾಜ್ಯದಷ್ಟು ವಿಸ್ತಾರವಾದ ಅಧ್ಯಾಪಕರ ಕೊಠಡಿಯೊಂದು ದೊರೆತಂತಾಯಿತು. ಅಧ್ಯಾಪಕರು ತಾವೇ ಸಿದ್ಧಪಡಿಸಿದ ಪಾಠಸಾಮಗ್ರಿಯು ಕನ್ನಡದಲ್ಲಿ ಎಲ್ಲರಿಗೂ ಮುಕ್ತವಾಗಿ ಲಭ್ಯವಾಯಿತು. ಮುಖಪರಿಚಯವು ಮೊದಲು, ಜಾಲವು ಆಮೇಲೆ ಎಂಬ ಈ ಕ್ರಮವನ್ನು ವಿಶೇಷವಾಗಿ ಗಮನಿಸಬೇಕು.

೨೦೨೦ರಲ್ಲಿ ಅದೇ ರಾಜ್ಯವು ಇದರ ಮತ್ತೊಂದು ಮುಖವನ್ನು ಕಂಡಿತು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಆರಂಭವಾದ ‘ವಿದ್ಯಾಗಮ’ ಯೋಜನೆಯು ಮಕ್ಕಳನ್ನು ಮೂರು ವರ್ಗವಾಗಿ ವಿಂಗಡಿಸಿತು: ಫೋನೇ ಇಲ್ಲದವರು, ಅಂತರಜಾಲವಿಲ್ಲದ ಫೋನುಳ್ಳವರು, ಅಂತರಜಾಲದ ಫೋನುಳ್ಳವರು. ಅಧ್ಯಾಪಕರು ಮಕ್ಕಳಿದ್ದಲ್ಲಿಗೇ ಹೋಗಿ ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ, ಮನೆಯ ಜಗಲಿಯಲ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ಪಾಠ ಹೇಳಿದರು. ಜನರು ಇದನ್ನು ‘ವಠಾರ ಶಾಲೆ’ಯೆಂದು ಕರೆದರು. ಅಕ್ಟೋಬರಿನಲ್ಲಿ ರೋಗದ ಭೀತಿಯಿಂದ ಅದು ನಿಂತಿತು. ೨೦೨೧ರ ಜನವರಿಯಲ್ಲಿ ಮಾರ್ಪಟ್ಟ ರೂಪದಲ್ಲಿ ಮತ್ತೆ ಆರಂಭವಾಯಿತು. ಅಪಾಯವು ನಿಜವಾದುದೇ ಆಗಿತ್ತು. ಆದರೂ ಅತ್ಯಾಧುನಿಕ ಸಾಧನಗಳ ಕಾಲದಲ್ಲಿ ನಾಡು ಮತ್ತೆ ವಠಾರವನ್ನೂ ಜಗಲಿಯನ್ನೂ ಹುಡುಕಿಕೊಂಡು ಹೋದುದು ಇತಿಹಾಸದ ವಿದ್ಯಾರ್ಥಿಗೆ ಅರ್ಥವತ್ತಾಗಿ ತೋರುತ್ತದೆ.

ಮೇಲ್ಕಾಣಿಸಿದ ನಿದರ್ಶನಗಳನ್ನು ಒಟ್ಟಿಗಿಟ್ಟು ನೋಡಿದರೆ ಮೂರು ಲಕ್ಷಣಗಳು ಸ್ಪಷ್ಟವಾಗುತ್ತವೆ. ಪರಸ್ಪರ ಮುಖ ಗುರುತಿಸಬಲ್ಲಷ್ಟು ಚಿಕ್ಕ ಸಂಖ್ಯೆ ಮೊದಲನೆಯದು. ಹೆಸರಿಟ್ಟು ಹೊಣೆ ಹೊರಿಸಿದ ಸಂಚಾಲಕನು ಎರಡನೆಯದು. ಕೇಳಿದ ಪ್ರಶ್ನೆಗೆ ಉತ್ತರ ಬರುವುದೆಂಬ ಭರವಸೆ ಮೂರನೆಯದು. ಪುಣೆಯಲ್ಲಿ ಮೂರೂ ಇದ್ದವು. ಸೈಟ್ ಪ್ರಯೋಗದಲ್ಲಿ ಮೂರನೆಯದು ಇರಲಿಲ್ಲ. ಇಂದಿನ ವಾಟ್ಸ್ಯಾಪ್ ಬಳಗಗಳಲ್ಲಿ ನೂರಾರು ಜನ ಸದಸ್ಯರಿದ್ದರೂ ಎಷ್ಟೋ ಸಲ ಮೂರರಲ್ಲಿ ಒಂದೂ ಇರುವುದಿಲ್ಲ. ಬೆಳಗಿನ ಶುಭಾಶಯಗಳ ರಾಶಿಯಲ್ಲಿ ವಿದ್ಯಾರ್ಥಿಯ ಒಂದು ಸಂದೇಹವು ಹೂತುಹೋಗುತ್ತದೆ.

ಮುಂಬಯಿಯ ಕನ್ನಡಿಗರಿಗೆ ಇದು ಕೇವಲ ವಿದ್ವತ್ತಿನ ಪ್ರಶ್ನೆಯಲ್ಲ. ಈ ನಗರದ ಕನ್ನಡ ಮಾಧ್ಯಮದ ಶಾಲೆಗಳು ಕುಗ್ಗುತ್ತಿವೆ. ಮೂರನೆಯ ತಲೆಮಾರಿನ ಮಗುವಿಗೆ ಕನ್ನಡದ ಅಕ್ಷರವು ಇನ್ನು ಮುಂದೆ ಬಹುಮಟ್ಟಿಗೆ ಪರದೆಯ ಮೂಲಕವೇ ಬರಬೇಕಾಗಿದೆ. ವಸಾಯಿಯಲ್ಲಿ, ಡೊಂಬಿವಲಿಯಲ್ಲಿ, ನವಿ ಮುಂಬಯಿಯಲ್ಲಿ ಚದುರಿರುವ ಮನೆಗಳಿಗೆ, ಮನೆಯಿಂದ ಹೊರಡಲಾಗದ ವೃದ್ಧರಿಗೆ, ಗೃಹಿಣಿಯರಿಗೆ ಪರದೆಯು ಉಪಕಾರಿಯೇ. ಅದನ್ನು ಹಳಿಯುವುದು ಅವಿವೇಕ. ಆದರೆ ಒಂಟಿಯಾಗಿ ಕಲಿತ ಭಾಷೆಯನ್ನು ಆಡುವುದು ಯಾರೊಡನೆ? ಭಾಷೆಯೆಂಬುದು ಸ್ವಭಾವತಃ ಇಬ್ಬರ ನಡುವಿನ ವಸ್ತು.

ಆದುದರಿಂದ ನಮ್ಮ ಸಂಘಗಳು ಹೊಸ ಉಪಕರಣಗಳಿಗೆ ಹಣ ಕೂಡಿಸುವ ಮೊದಲು ಕೂಟಗಳನ್ನು ಕಟ್ಟುವುದು ಲೇಸು. ಜಾತಿ, ಊರುಗಳ ಲೆಕ್ಕಕ್ಕಿಂತ ರೈಲುಮಾರ್ಗದ ಲೆಕ್ಕವು ಈ ನಗರಕ್ಕೆ ಹೆಚ್ಚು ಒಪ್ಪುತ್ತದೆ. ಒಂದೊಂದು ನಿಲ್ದಾಣದ ಆಸುಪಾಸಿನ ಹದಿನೈದಿಪ್ಪತ್ತು ಜನ ಕಲಿಯುವವರಿಗೆ ಒಂದು ಕೂಟ, ಒಬ್ಬ ಸಂಚಾಲಕ. ಪಾಠವು ವಾರವಾರವೂ ಪರದೆಯ ಮೇಲೆ ಬರಲಿ. ತಿಂಗಳಿಗೊಮ್ಮೆಯಾದರೂ ಅವರು ಒಂದು ಕೊಠಡಿಯಲ್ಲಿ ಕೂಡಲಿ. ಬಾಂದ್ರಾದಲ್ಲಿ ಪಶ್ಚಿಮ ಮಾರ್ಗದ ಗಾಡಿಗಳೂ ಹಾರ್ಬರ್ ಮಾರ್ಗದ ಗಾಡಿಗಳೂ ನಿಲ್ಲುತ್ತವೆ. ಇಂಥ ಮೊದಲ ಕೂಟಕ್ಕೆ ಇದು ಅನುಕೂಲವಾದ ಸ್ಥಳ. ಸ್ಥಳವಿಲ್ಲ, ವೇಳೆಯಿಲ್ಲ ಎಂಬ ಉತ್ತರವನ್ನು ಮುಂಬಯಿಯಲ್ಲಿ ನಿರೀಕ್ಷಿಸಬಹುದಾದುದೇ. ಹೋಟೆಲಿನ ಕೆಲಸ ಮುಗಿಸಿ ರಾತ್ರಿಶಾಲೆಗೆ ನಡೆದುಹೋದ ಹುಡುಗರಿಗೆ ನಮಗಿಂತ ಹೆಚ್ಚು ವೇಳೆಯಿರಲಿಲ್ಲ. ಅವರು ಬಾರದಿದ್ದ ದಿನ ಕೇಳುವವರಿದ್ದರು. ನಮ್ಮ ಮಕ್ಕಳಿಗೂ ಅಂಥವರನ್ನು ಒದಗಿಸಿಕೊಡುವುದು ಸಂಘಗಳ ಪ್ರಥಮ ಕರ್ತವ್ಯ.