ನಾಣ್ಯದ ಫೋಟೋಗೆ ಫ್ಲ್ಯಾಶ್ ಬೇಡ, ಜಗಲಿಯ ಬೆಳಕು ಸಾಕು

ವೈಷ್ಣೋದೇವಿ ಚಿತ್ರದ 5 ರೂಪಾಯಿ ನಾಣ್ಯದ ಫೋಟೋ ಕಳಿಸಿದರೆ ಲಕ್ಷಗಟ್ಟಲೆ ಹಣ ಎಂಬ ಸಂದೇಶ ನಮಗೂ ಬಂದಿದೆ. ನಂಬಬೇಡಿ. ಹಳೆಯ ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ.

ನಿಮ್ಮ ಸಂಗ್ರಹದ ದಾಖಲೆಗೆ ಫೋಟೋ ಬೇಕಿದ್ದರೆ ಮೊದಲು ಫ್ಲ್ಯಾಶ್ ಆಫ್ ಮಾಡಿ. ನಾಣ್ಯದ ಲೋಹ ಕನ್ನಡಿಯಂತೆ. ನೇರ ಬೆಳಕು ಮೊಬೈಲಿಗೇ ಮರಳಿ ಬಂದು ಇಸವಿಯೂ ಕಾಣದು. ಪೆರ್ಡೂರಿನ ಮಳೆಗಾಲದ ಮೋಡ ಮುಸುಕಿದ ಹಗಲಲ್ಲಿ ಮನೆಯ ಜಗಲಿಯೇ ಒಳ್ಳೆಯ ಸ್ಟುಡಿಯೋ. ಬೆಳಕು ಒಂದೇ ಬದಿಯಿಂದ ಓರೆಯಾಗಿ ಬಿದ್ದರೆ ಉಬ್ಬಕ್ಷರಗಳಿಗೆ ನೆರಳು ಮೂಡುತ್ತದೆ. ಇಸವಿಯ ಕೆಳಗಿನ ಟಂಕಶಾಲೆ ಗುರುತೂ ಸಿಗುತ್ತದೆ: ವಜ್ರಾಕೃತಿ ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕಿ ನೋಯ್ಡಾ. ಕೋಲ್ಕತ್ತದ್ದಕ್ಕೆ ಗುರುತೇ ಇಲ್ಲ.

ಹೊಳಪು ಬರಲೆಂದು ಹುಣಸೆಹುಳಿ ಹಾಕಿ ಉಜ್ಜುವುದು ಮಾತ್ರ ಬೇಡ. ಉಜ್ಜಿದ ನಾಣ್ಯಕ್ಕೆ ಸಂಗ್ರಾಹಕರು ಕಡಿಮೆ ಬೆಲೆ ಕಟ್ಟುತ್ತಾರೆ.