ಗಾಜಿನ ಪೆಟ್ಟಿಗೆಯೊಳಗೆ ಬಂದ ಸಮುದ್ರ



ಮೊದಲು ಒಂದು ಗಾಜಿನ ಭರಣಿ, ಅದರಲ್ಲಿ ಎರಡು ಗೋಲ್ಡ್‌ಫಿಶ್. ಆರು ತಿಂಗಳಲ್ಲಿ ಎರಡಡಿಯ ಟ್ಯಾಂಕ್. ಮರುವರ್ಷ ನಾಲ್ಕಡಿಯದ್ದು. ಆಮೇಲೆ ಟಿ.ವಿ. ಇಡಲು ಜಾಗವಿಲ್ಲ ಎಂದು ಅಮ್ಮನ ಗೊಣಗಾಟ. ಮೀನು ಸಾಕುವ ಮನೆಗಳಲ್ಲಿ ಹೆಚ್ಚಾಗಿ ಇದೇ ಕಥೆ. ಆದರೆ ಈ ಹುಚ್ಚು ನಮ್ಮ ಕಾಲದ್ದೇನೂ ಅಲ್ಲ. ಸುಮಾರು 170 ವರ್ಷಗಳ ಹಿಂದೆ ಇಂಗ್ಲೆಂಡಿನ ಮನೆಮನೆಗೆ ಇದು ಹಬ್ಬಿತ್ತು.

ಚೀನಾದವರು ಸಾವಿರ ವರ್ಷಗಳ ಹಿಂದೆಯೇ ಚಿನ್ನದ ಬಣ್ಣದ ಮೀನು ಸಾಕುತ್ತಿದ್ದರು ನಿಜ. ಆದರೆ ಅದು ಕೊಳಗಳಲ್ಲಿ, ಪಿಂಗಾಣಿ ಪಾತ್ರೆಗಳಲ್ಲಿ; ಮೇಲಿನಿಂದ ಬಗ್ಗಿ ನೋಡಬೇಕಿತ್ತು. ಮನೆಯೊಳಗೆ ಗಾಜಿನಲ್ಲಿಟ್ಟರೆ ನೀರಿನ ಆಮ್ಲಜನಕ ಮುಗಿದು, ಕೊಳಕು ಹೆಚ್ಚಿ, ಜೀವಿಗಳು ಸಾಯುತ್ತಿದ್ದವು.

ಈ ಕಷ್ಟದೊಡನೆ ಸೆಣಸಿದವರಲ್ಲಿ ಅನ್ನಾ ಥಿನ್ ಒಬ್ಬರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸೇವೆಯಲ್ಲಿದ್ದ ಆಂಗ್ಲಿಕನ್ ಪಾದ್ರಿಯೊಬ್ಬರ ಹೆಂಡತಿ. 1846ರಲ್ಲಿ ಟಾರ್ಕಿ ಎಂಬ ಕಡಲೂರಿನಿಂದ ಜೀವಂತ ಹವಳಗಳನ್ನು ಲಂಡನ್ನಿಗೆ ತಂದರು. ಅಲ್ಲಿ ದಿನವೂ ಹೊಸ ಸಮುದ್ರದ ನೀರು ಎಲ್ಲಿಂದ ಬರಬೇಕು? ತೆರೆದ ಕಿಟಕಿಯ ಬಳಿ ನಿಂತು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಆ ನೀರನ್ನು ಎತ್ತಿ ಸುರಿಯುವುದು, ಬಿಸಿ ಚಾ ಆರಿಸಿದ ಹಾಗೆ. ಅರ್ಧ ಗಂಟೆಗೂ ಹೆಚ್ಚು ಹೊತ್ತಿನ ಈ ದಿನನಿತ್ಯದ ಕೆಲಸ ಮನೆಯ ಕೆಲಸದವಳ ಪಾಲಿಗೆ ಬಂತು. ಇಂದು ಗುಳುಗುಳು ಸದ್ದು ಮಾಡುವ ಏರ್ ಪಂಪ್‌ನ ಕೆಲಸವನ್ನು ಅಂದು ಮಾಡಿದ್ದು ಅವಳ ತೋಳು. ಮುಂದೆ ಥಿನ್ ನೀರಿಗೆ ಕಡಲಪಾಚಿಯನ್ನೂ ಸೇರಿಸಿದರು.

ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಇದನ್ನು ಪ್ರಯೋಗವಾಗಿಯೇ ಮಾಡಿ ನೋಡಿದರು. 1849ರಲ್ಲಿ 12 ಗ್ಯಾಲನ್ ನೀರು, ಎರಡು ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯ ಎಂಬ ನೀರಗಿಡ. ಗಿಡ ಆಮ್ಲಜನಕ ಕೊಟ್ಟಿತು. ಆದರೆ ಅದರ ಎಲೆಗಳು ಕೊಳೆತು ನೀರು ಕದಡಿತು. ಆಗ ಕೆಲವು ಬಸವನಹುಳುಗಳನ್ನು ಬಿಟ್ಟರು. ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. ಆ ಲೆಕ್ಕದಲ್ಲಿ ಇನ್ನೊಬ್ಬ ಕೆಲಸಗಾರ ಬಿಟ್ಟುಹೋಗಿದ್ದ: ಬ್ಯಾಕ್ಟೀರಿಯಾ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಈ ಜೀವಿಗಳನ್ನು ವಿನೊಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದ್ದು 1890ರ ಹೊತ್ತಿಗೆ. ಹೊಸ ಟ್ಯಾಂಕಿಗೆ ಒಮ್ಮೆಲೇ ಹತ್ತು ಮೀನು ಬಿಟ್ಟರೆ ವಾರದೊಳಗೆ ಸಾಯುವುದು ಹೆಚ್ಚಾಗಿ ಇದಕ್ಕೇ. ಬ್ಯಾಕ್ಟೀರಿಯಾ ಬೆಳೆಯಲು ವಾರಗಳು ಬೇಕು.

ಮುಂದಿನದ್ದೆಲ್ಲ ಬೇಗ ಬೇಗ ನಡೆಯಿತು. ಬ್ರಿಟನ್‌ನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲೇ ಹೋಗಿತ್ತು. ರೈಲು ಕಡಲತೀರದವರೆಗೆ ಬಂದಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ 'ದಿ ಅಕ್ವೇರಿಯಂ' ಪುಸ್ತಕ ಬಂತು. ಆ ಪದ ಜನರ ಬಾಯಲ್ಲಿ ನಿಂತದ್ದು ಅದರಿಂದಲೇ. (ಲ್ಯಾಟಿನ್‌ನಲ್ಲಿ ಅದರ ಅರ್ಥ ದನಗಳು ನೀರು ಕುಡಿಯುವ ಜಾಗ!) ಲಂಡನ್ನಿನ ಅಂಗಡಿಯಲ್ಲಿ ಸಮುದ್ರದ ನೀರೂ ಮಾರಾಟಕ್ಕೆ ಬಂತು.

ಗಾಸ್ ದೈವಭಕ್ತರು. ಸೃಷ್ಟಿಯ ಚೆಂದವನ್ನು ಜನರಿಗೆ ತೋರಿಸಬೇಕೆಂಬುದೇ ಅವರ ಆಸೆ. ಪುಸ್ತಕ ಓದಿದವರು ಬುಟ್ಟಿ, ಸುತ್ತಿಗೆ ಹಿಡಿದು ಬಂಡೆಗಳ ನಡುವಿನ ನೀರಹೊಂಡಗಳಿಗೆ ಮುತ್ತಿದರು, ಸಿಕ್ಕಿದ್ದನ್ನೆಲ್ಲ ಕಿತ್ತೊಯ್ದರು. 1860ರ ದಶಕದಲ್ಲಿ ಹುಚ್ಚು ಇಳಿಯಿತು. ಹೊಂಡಗಳು ಮಾತ್ರ ಬರಿದಾಗಿದ್ದವು. ಅವರ ಮಗ ಎಡ್ಮಂಡ್ 1907ರಲ್ಲಿ ಬರೆದ 'ಫಾದರ್ ಆ್ಯಂಡ್ ಸನ್' ಪುಸ್ತಕದಲ್ಲಿ ಈ ನಾಶವನ್ನೂ, ಅದಕ್ಕಾಗಿ ತಂದೆ ಪಟ್ಟ ಸಂಕಟವನ್ನೂ ಹೇಳುತ್ತಾನೆ. ಈ ಇತಿಹಾಸದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಇದೇ. ಕಡಲನ್ನು ಅಷ್ಟು ಪ್ರೀತಿಸಿದವನ ಪುಸ್ತಕವೇ ಕಡಲತೀರಕ್ಕೆ ಮುಳುವಾಯಿತಲ್ಲ!

ಇಂಗ್ಲೆಂಡ್ ದೂರದ್ದಾಯಿತು ಅನ್ನಬೇಡಿ. 1865ರಲ್ಲಿ ಮದರಾಸು ಸರ್ಕಾರದ ವೈದ್ಯಸೇವೆಯ ಫ್ರಾನ್ಸಿಸ್ ಡೇ ಕೇರಳದ ಒಂದು ಹೊಳೆಮೀನನ್ನು ವಿವರಿಸಿ, ಗವರ್ನರ್ ಡೆನಿಸನ್ ಹೆಸರಿಟ್ಟ. ಬೆಳ್ಳಿ ಮೈ, ಮೂತಿಯಿಂದ ಹಿಂದಕ್ಕೆ ಕೆಂಪು ಗೀರು, ಅದರ ಕೆಳಗೆ ಕಪ್ಪು ಪಟ್ಟಿ. ಪಶ್ಚಿಮಘಟ್ಟದ ಹೊಳೆಗಳು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದರ ಮೂಲ ನೆಲೆ ಇಲ್ಲ. ನಮ್ಮ ಕಾಸರಗೋಡಿನ ಚಂದ್ರಗಿರಿ, ಕಾರ್ಯಂಗೋಡು ಹೊಳೆಗಳೂ ಆ ಪಟ್ಟಿಯಲ್ಲಿವೆ. 1997ರಲ್ಲಿ ಸಿಂಗಾಪುರದ ಅಕ್ವೇರಿಯಂ ಮೇಳದಲ್ಲಿ ಇದಕ್ಕೆ ಬಹುಮಾನ ಬಂತು. 'ಮಿಸ್ ಕೇರಳ' ಎಂಬ ಹೆಸರಿನಲ್ಲಿ ವಿಮಾನ ಹತ್ತತೊಡಗಿತು. 2005ರಿಂದ 2012ರವರೆಗೆ ಅಪಾಯದಂಚಿನಲ್ಲಿರುವ 30 ಜಾತಿಯ 15 ಲಕ್ಷಕ್ಕೂ ಹೆಚ್ಚು ಸಿಹಿನೀರ ಮೀನುಗಳು ಭಾರತದಿಂದ ಹೊರಹೋದವು. ಅದರಲ್ಲಿ ಈ ಕೆಂಪು ಗೀರಿನ ಮೀನುಗಳ ಪಾಲು ದೊಡ್ಡದು.

2008ರಲ್ಲಿ ಕೇರಳ ಸರ್ಕಾರ ಹಿಡಿಯಲು ನಿರ್ಬಂಧ ಹಾಕಿತು. ಆದರೆ ನಿಷೇಧದ ತಿಂಗಳುಗಳಿಗೂ ಮೀನು ಮೊಟ್ಟೆಯಿಡುವ ಕಾಲಕ್ಕೂ ತಾಳೆಯಾಗುವುದಿಲ್ಲ ಎಂದು ಸಂಶೋಧಕರು ಆಮೇಲೆ ತೋರಿಸಿದರು. ಒಳ್ಳೆಯ ಸುದ್ದಿಯೂ ಇದೆ: ಕೊಚ್ಚಿಯ ಪಣಂಗಾಡಿನ ಮೀನುಗಾರಿಕಾ ಕಾಲೇಜಿನವರು ಇದನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನ ಕಂಡುಕೊಂಡರು.

ಈಗ ನಮ್ಮ ಬಳಗದವರು ಮೀನು ತರಲು ಹೋದಾಗ, ಇದು ಸಾಕಿದ್ದೋ ಹೊಳೆಯಿಂದ ಹಿಡಿದದ್ದೋ ಎಂದು ಕೇಳುತ್ತೇವೆ. ಹೆಚ್ಚಿನ ಅಂಗಡಿಯವರು ನಗುತ್ತಾರೆ. ಒಬ್ಬರು ಮಾತ್ರ ಒಳಗೆ ಹೋಗಿ ಫೋನ್ ಮಾಡಿ ವಿಚಾರಿಸಿಕೊಂಡು ಬಂದರು.