ಉಪ್ಪುನೀರಿನ ತೊಟ್ಟಿಯೂ ವಾರಿಂಗ್ಟನ್ ತಂದೆ-ಮಕ್ಕಳೂ

ಹೊರನಾಡಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇರಿಸಿದ್ದಾರೆ. "ಸಾರ್, ಗಾಜಿನ ತೊಟ್ಟಿ, ನೀರು, ಮರಳು, ಕಲ್ಲು ಎಲ್ಲವೂ ಸಿದ್ಧವಾಗಿವೆ. ಆದರೂ ಮೀನು ಬಿಡಲು ಒಂದು ತಿಂಗಳು ಕಾಯಬೇಕಂತೆ, ಏಕೆ?" ಎಂದು ಕೇಳಿದರು. ಇದಕ್ಕೆ ಎರಡು ವಾಕ್ಯಗಳಲ್ಲಿ ಉತ್ತರಿಸಬಹುದು. ಆದರೆ ಆ ಎರಡು ವಾಕ್ಯಗಳು ಮನುಷ್ಯನಿಗೆ ದಕ್ಕಲು ಸುಮಾರು ನಲವತ್ತು ವರ್ಷಗಳು ಬೇಕಾದವು. ನನ್ನ ಇತರ ವಿದ್ಯಾರ್ಥಿಗಳೂ ಬಂಧುಗಳೂ ಓದಲೆಂದು ಆ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಡಲಿನಿಂದ ದೂರದಲ್ಲಿ ಕಡಲಜೀವಿಗಳನ್ನು ಬಹುಕಾಲ ಉಳಿಸಿಕೊಂಡವರಲ್ಲಿ ಆನಾ ಥಿನ್ ಎಂಬ ಆಂಗ್ಲ ಮಹಿಳೆ ಮೊದಲಿಗರ ಸಾಲಿಗೆ ಸೇರಿದವರು. 1846ರಲ್ಲಿ ಟಾರ್ಕೀ ಕಡಲತೀರದಿಂದ ಅವರು ಜೀವಂತ ಹವಳದ ಪ್ರಾಣಿಗಳನ್ನು ಲಂಡನ್ನಿಗೆ ತಂದರು. ನೀರಿನಲ್ಲಿ ಗಾಳಿ ಬೆರೆಯಲೆಂದು, ತೆರೆದ ಕಿಟಕಿಯ ಬಳಿ ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಪದೇಪದೇ ಸುರಿಯುವ ಕೆಲಸ ಮನೆಯ ಸೇವಕಿಯ ಪಾಲಿಗೆ ಬಂತು. ಇಂದಿನ ಏರ್ ಪಂಪಿನ ಕೆಲಸವನ್ನು ಅಂದು ಆಕೆಯ ತೋಳುಗಳೇ ಮಾಡಿದವು!

ಈ ಶ್ರಮವನ್ನು ತಪ್ಪಿಸುವ ತತ್ತ್ವವನ್ನು ಮಂಡಿಸಿದವರು ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. ಅವರು ತೊಟ್ಟಿಯೊಂದರಲ್ಲಿ ಎರಡು ಗೋಲ್ಡ್‌ಫಿಶ್‌ಗಳನ್ನೂ ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನೂ ಇರಿಸಿದರು. ಗಿಡದ ಎಲೆ ಕೊಳೆತು ನೀರು ಕೆಡತೊಡಗಿದಾಗ ಬಸವನಹುಳುಗಳನ್ನು ಬಿಟ್ಟರು; ಅವು ಕೊಳೆತದ್ದನ್ನು ತಿಂದು ತೊಟ್ಟಿಯನ್ನು ಶುಚಿಯಾಗಿಟ್ಟವು. ಮೀನಿನ ಉಸಿರು ಗಿಡಕ್ಕೆ, ಗಿಡದ ಆಮ್ಲಜನಕ ಮೀನಿಗೆ ಎಂಬ ಈ ಸಮತೋಲನವನ್ನು ಅವರು 1850ರಲ್ಲಿ ಪ್ರಕಟಿಸಿದರು. ಮುಂದೆ ಕಡಲನೀರಿನಲ್ಲಿಯೂ ಇದೇ ಪ್ರಯೋಗಗಳನ್ನು ನಡೆಸಿದರು.

ಇದೇ ಕಾಲದಲ್ಲಿ ನಿಸರ್ಗತಜ್ಞ ಫಿಲಿಪ್ ಹೆನ್ರಿ ಗಾಸ್ ಕೂಡ ಇದೇ ದಾರಿಯಲ್ಲಿದ್ದರು. 1853ರಲ್ಲಿ ಲಂಡನ್ ಮೃಗಾಲಯದ ಮತ್ಸ್ಯಗೃಹ ಸಾರ್ವಜನಿಕರಿಗೆ ತೆರೆಯಿತು. ಮರುವರ್ಷ ಗಾಸ್ ಅವರ 'ದಿ ಅಕ್ವೇರಿಯಂ' ಗ್ರಂಥ ಹೊರಬಂತು. ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಕ್ಲೋರೈಡುಗಳನ್ನು ಬೆರೆಸಿ ಮನೆಯಲ್ಲೇ ಕಡಲನೀರು ತಯಾರಿಸುವ ವಿಧಾನವನ್ನೂ ಅವರು ತಿಳಿಸಿದರು. ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿತ್ತು. ಇನ್ನೇನು ಬೇಕು? ಮನೆಮನೆಗೂ ತೊಟ್ಟಿ ಬಂತು. ಜನರು ಕಡಲತೀರದ ಬಂಡೆಗಳ ನಡುವಿನ ಹೊಂಡಗಳನ್ನು ಬರಿದು ಮಾಡಿದರು. ತಂದೆಯ ಪುಸ್ತಕಗಳೇ ಈ ಲೂಟಿಗೆ ದಾರಿ ತೋರಿದವೆಂದು ಗಾಸ್ ಅವರ ಮಗ ಎಡ್ಮಂಡ್ 1907ರಲ್ಲಿ ನೊಂದು ಬರೆದಿದ್ದಾರೆ. ಹಾಗೆ ತಂದ ಪ್ರಾಣಿಗಳಾದರೂ ಬದುಕಿದವೇ? ಎಷ್ಟೋ ಮನೆಗಳಲ್ಲಿ ನೀರು ಕೆಟ್ಟು ಅವು ಸತ್ತವು.

ವಾರಿಂಗ್ಟನ್ ಬರೆದ ಆಮ್ಲಜನಕದ ಲೆಕ್ಕ ಸರಿಯಾಗಿಯೇ ಇತ್ತು. ಸಾರಜನಕದ ಲೆಕ್ಕ ಬಿಟ್ಟುಹೋಗಿತ್ತು. ಮೀನು ಹೊರಹಾಕುವ ಕಲ್ಮಶದಲ್ಲಿ ಅಮೋನಿಯಾ ಇರುತ್ತದೆ. ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುತ್ತದೆ. ಕಡಲನೀರು ಸ್ವಲ್ಪ ಕ್ಷಾರೀಯವಾದ್ದರಿಂದ ಅಲ್ಲಿ ಅಮೋನಿಯಾದ ವಿಷ ಇನ್ನೂ ತೀಕ್ಷ್ಣ. ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತಿರುತ್ತದೆ, ಮೀನು ಸಾಯುತ್ತದೆ.

ಇದರ ಸುಳಿವು ದೊರೆತದ್ದು ತೊಟ್ಟಿಯಲ್ಲಲ್ಲ, ಚರಂಡಿ ನೀರಿನಲ್ಲಿ. ಕೊಟ್ಟಿಗೆಯ ಗಂಜಳ ಇಂಗಿದ ಮಣ್ಣಿನಲ್ಲಿ ಪೆಟ್ಲುಪ್ಪು ಹುಟ್ಟುವುದು ಹಳಬರಿಗೆ ತಿಳಿದಿತ್ತು, ಏಕೆಂಬುದು ತಿಳಿದಿರಲಿಲ್ಲ. ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯ ಮೂಲಕ ಚರಂಡಿ ನೀರನ್ನು ನಿಧಾನವಾಗಿ ಹರಿಸಿದರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಅಮೋನಿಯಾ ಕರಗಿ ನೈಟ್ರೇಟ್ ಕಾಣಿಸತೊಡಗಿತು. ಕ್ಲೋರೋಫಾರಂ ಆವಿ ತಾಗಿಸಿದೊಡನೆ ಅದು ನಿಂತಿತು. ಅಂದರೆ ಅದು ಜೀವಿಗಳ ಕೆಲಸ! 1877ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಪ್ರಯೋಗಕೇಂದ್ರದಲ್ಲಿ ಮುಂದುವರಿಸಿದವರು ಯಾರೆಂದು ಬಲ್ಲಿರಾ? ಇನ್ನೊಬ್ಬ ರಾಬರ್ಟ್ ವಾರಿಂಗ್ಟನ್, ಆ ಮೊದಲಿನವರ ಮಗ. ತಂದೆ ಮೀನು-ಗಿಡಗಳ ಸಮತೋಲನವನ್ನು ಪ್ರಕಟಿಸಿದಾಗ ಈತ ಹನ್ನೆರಡರ ಆಸುಪಾಸಿನ ಬಾಲಕ. ಅಮೋನಿಯಾ ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗುತ್ತದೆ, ಎರಡು ಹಂತಗಳಿಗೂ ಬೇರೆಬೇರೆ ಸೂಕ್ಷ್ಮಜೀವಿಗಳಿವೆ ಎಂಬುದನ್ನು ಮಗ ತೋರಿಸಿಕೊಟ್ಟರು. ಆದರೆ ಅವುಗಳನ್ನು ಬೇರ್ಪಡಿಸುವುದು ಅವರಿಗೆ ಸಾಧ್ಯವಾಗಲಿಲ್ಲ. 1890ರ ವೇಳೆಗೆ ಅದನ್ನು ಸಾಧಿಸಿದವರು ರಷ್ಯಾ ಮೂಲದ ವಿನೊಗ್ರಾಡ್‌ಸ್ಕಿ. ತಂದೆ 1867ರಲ್ಲೇ ತೀರಿಕೊಂಡಿದ್ದರು. ಅವರ ತೊಟ್ಟಿಯ ಲೆಕ್ಕದಲ್ಲಿ ಬಿಟ್ಟುಹೋದ ಪುಟವನ್ನು ಮಗ ಹೊಲದ ಮಣ್ಣಿನಲ್ಲಿ ಓದಿದರು.

ಆ ಕೊಳವೆಯ ಇಪ್ಪತ್ತು ದಿನಗಳೇ ನನ್ನ ವಿದ್ಯಾರ್ಥಿ ಕಾಯಬೇಕಾದ ತಿಂಗಳು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆಸಿದ ಹೊಸ ನೀರಿನಲ್ಲಿ ಈ ಸೂಕ್ಷ್ಮಜೀವಿಗಳು ಇರುವುದಿಲ್ಲವೆಂದೇ ಹೇಳಬೇಕು. ಕಡಲಿನ ಸಜೀವ ಕಲ್ಲು ತಂದಿಟ್ಟರೆ ಅದರೊಡನೆ ಬರುತ್ತವೆ. ತುಸು ಅಮೋನಿಯಾ ದೊರೆತರೆ ನಿಧಾನವಾಗಿ ಬೆಳೆಯುತ್ತವೆ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ನಂತರ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಶೂನ್ಯಕ್ಕೆ ಬಂದ ಮೇಲೆಯೇ ಮೀನಿನ ಪ್ರವೇಶ, ಅದೂ ಒಂದೊಂದಾಗಿ.

ಒಂದು ಮಾತು ಉಳಿಯಿತು. ಅಮೋನಿಯಾವನ್ನು ನೈಟ್ರೈಟ್ ಮಾಡುವ ಈ ಕೆಲಸ ಬ್ಯಾಕ್ಟೀರಿಯಾಗಳದ್ದು ಮಾತ್ರವೆಂದು ಒಂದು ಶತಮಾನಕ್ಕೂ ಹೆಚ್ಚು ಕಾಲ ನಂಬಲಾಗಿತ್ತು. 2005ರಲ್ಲಿ ಆರ್ಕಿಯಾ ಎಂಬ ಬೇರೆಯೇ ವಂಶದ ಸೂಕ್ಷ್ಮಜೀವಿಯೊಂದು ಇದೇ ಕೆಲಸ ಮಾಡುವುದನ್ನು ವಿಜ್ಞಾನಿಗಳು ಪ್ರಕಟಿಸಿದರು. ನೈಟ್ರೋಸೋಪ್ಯೂಮಿಲಸ್ ಮಾರಿಟಿಮಸ್ ಎಂದು ಅದಕ್ಕೆ ಹೆಸರು. ಅದರ ಬಂಧುಗಳು ಮಹಾಸಾಗರಗಳಲ್ಲೆಲ್ಲ ಹೇರಳವಾಗಿವೆ. ಆದರೆ ಅದು ಮೊದಲು ಕೈಗೆ ಸಿಕ್ಕದ್ದು ಅಮೆರಿಕದ ಸಿಯಾಟಲ್ ನಗರದ ಸಾರ್ವಜನಿಕ ಅಕ್ವೇರಿಯಂನ ಉಪ್ಪುನೀರಿನ ತೊಟ್ಟಿಯೊಂದರ ಜಲ್ಲಿಕಲ್ಲುಗಳಲ್ಲಿ.